ಒದ್ದೆ ಗೋಣಿತಾಟಿನ ಆಚೆ

ಲಿಖಿತಾ, ತೇಜಸ್,

ಮೊನ್ನೆ ಭಾನುವಾರ ನಿಮ್ಮಮ್ಮ ಕಪ್ಪು ದ್ರಾಕ್ಷಿ ಬೇಯಿಸುತ್ತಿದ್ದಳು. ಚಿಕ್ಕಬಳ್ಳಾಪುರದ ಕಡೆಯಿಂದ ಯಾರೋ ಒಂದು ಕ್ರೇಟು ತಂದು ಕೊಟ್ಟಿದ್ದರು. ತಿಂದು ಮುಗಿಯುವುದಲ್ಲ ಎಂದು ಜ್ಯೂಸಿಗಾಗಿ ಒಲೆಯ ಮೇಲೆ ಇಟ್ಟಿದ್ದಳು. ಸಿಪ್ಪೆ ಒಡೆದು ಬಣ್ಣ ಬಿಡುವಾಗ ಒಂದು ವಾಸನೆ ಬರುತ್ತದೆ ನೋಡಿ, ಸಿಹಿಯ ಜೊತೆಗೆ ಸ್ವಲ್ಪ ಒಗರು... ಅದು ನಡುಮನೆಯವರೆಗೂ ಬಂತು. ಅವರೆಕಾಯಿ ಸುಲಿಯುತ್ತಿದ್ದ ನನ್ನ ಕೈ ನಿಂತುಹೋಯಿತು. ಏನಾಯ್ತತ್ತೆ ಎಂದು ಅವಳು ಕೇಳಿದಳು. ಏನಿಲ್ಲಮ್ಮ ಎಂದೆ.

ನನ್ನ ಅಭ್ಯಾಸ ನಿಮಗೆ ಗೊತ್ತಿದೆ. ಕೇಳಿದ್ದಕ್ಕೆಲ್ಲ ಏನಿಲ್ಲ ಎನ್ನುವುದೇ ನನ್ನ ಮಾತು. ನಾಲ್ಕು ಜನರ ಮುಂದೆ ಬಾಯಿ ಬರುವುದಿಲ್ಲ, ನಿಮ್ಮಿಬ್ಬರ ಮುಂದೆಯೂ ಬರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಪೆರೇಸಂದ್ರದ ಹತ್ತಿರದ ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಹೇಳುತ್ತಿದ್ದರು, ಅಷ್ಟೇ ನನ್ನ ಬಂಡವಾಳ.

ಇದು ಒಬ್ಬ ಟೀಚರಮ್ಮನ ನೆನಪು. ಪ್ರೀತಿಯ ನೆನಪು ಎಂದು ಬರೆದರೆ ನಿಮಗೆ ಓದಲು ಚೆನ್ನಾಗಿರುತ್ತಿತ್ತು. ಆದರೆ ಅವರನ್ನು ನೆನೆದಾಗ ನನಗೆ ಮೊದಲು ಏಳುವುದು ಹೊಟ್ಟೆಕಿಚ್ಚು. ಈ ವಯಸ್ಸಿನಲ್ಲೂ.

ನಾನು ಮದುವೆಯಾಗಿ ಮೇಲೂರಿಗೆ ಬಂದಾಗ ಈಗ ಬೈಕು, ಡ್ರಿಪ್ ಪೈಪು, ಗೊಬ್ಬರದ ಚೀಲ ತುಂಬಿರುವ ಹಿಂದಿನ ಕೋಣೆ ನಮ್ಮ ರೇಷ್ಮೆ ಹುಳದ ಮನೆಯಾಗಿತ್ತು. ಈಗಿನ ಹಾಗೆ ಮರಿಹುಳವನ್ನು ಬೆಳೆಸಿ ಕೊಡುವ ಕಡೆಯಿಂದ ಟ್ರೇಯಲ್ಲಿ ತರುತ್ತಿರಲಿಲ್ಲ. ಮೊಟ್ಟೆಯೊಡೆದ ದಿನದಿಂದ ಗೂಡು ಕಟ್ಟುವವರೆಗೆ ಎಲ್ಲ ಮನೆಯಲ್ಲೇ ನಡೆಯುತ್ತಿತ್ತು. ಆ ಕೋಣೆಯ ಬಾಗಿಲಿಗೆ ನಮ್ಮತ್ತೆ ಒಂದು ಗೋಣಿತಾಟು ಇಳಿಬಿಡುತ್ತಿದ್ದರು. ಒಳಗೆ ತಂಪಿರಲಿ, ನೊಣ ಬಾರದಿರಲಿ ಎಂದು ಅದನ್ನು ಯಾವಾಗಲೂ ನೀರಲ್ಲಿ ಒದ್ದೆ ಮಾಡಿಡಬೇಕು. ಒದ್ದೆ ಮಾಡುವ ಕೆಲಸ ನನ್ನದು. ಅದನ್ನು ಸರಿಸಿ ಒಳಗೆ ಹೋಗುವ ಅಪ್ಪಣೆ ಮಾತ್ರ ನನಗಿರಲಿಲ್ಲ.

ಹಿಪ್ಪುನೇರಳೆ ಸೊಪ್ಪು ಕೊಯ್ದು ತರುವುದು, ಮರಿಹುಳಕ್ಕೆ ಸಣ್ಣಗೆ ಹೆಚ್ಚುವುದು, ಹುಳದ ತಟ್ಟೆ ತೊಳೆದು ಬಿಸಿಲಿಗಿಡುವುದು, ಇರುವೆ ಹತ್ತದ ಹಾಗೆ ತಟ್ಟೆ ಜೋಡಿಸುವ ಸ್ಟ್ಯಾಂಡಿನ ಕಾಲ ಕೆಳಗಿಡುವ ಬಟ್ಟಲಿಗೆ ನೀರು ಹೊತ್ತು ತರುವುದು ಎಲ್ಲ ನಾನೇ. ಆದರೆ ಬಾಗಿಲ ತನಕ ಮಾತ್ರ. ಅಲ್ಲಿಂದ ಅತ್ತೆಯ ಕೈ ಗೋಣಿತಾಟಿನ ಸಂದಿಯಿಂದ ಹೊರಗೆ ಬರುತ್ತಿತ್ತು, ಬುಟ್ಟಿ ತೆಗೆದುಕೊಂಡು ಒಳಗೆ ಹೋಗುತ್ತಿತ್ತು. ಮದುವೆಯಾದ ಮೊದಲ ಬೆಳೆಯಲ್ಲೇ ಅವರು ಹೇಳಿಬಿಟ್ಟಿದ್ದರು, ನಿನ್ನ ಕೈಗುಣ ಹುಳಕ್ಕೆ ಒಗ್ಗಲ್ಲ ಕಣಮ್ಮ, ನೀನು ಹೊರಗಿನದು ನೋಡ್ಕೋ ಎಂದು.

ಕೈಗುಣ ಎನ್ನುವುದನ್ನು ನೀವು ನಗೆಯಾಗಿ ತೆಗೆದುಕೊಳ್ಳಬಹುದು. ಹುಳ ಸಾಕುವ ಮನೆಯಲ್ಲಿ ಅದು ದೊಡ್ಡ ಮಾತು. ಅಕ್ಕಪಕ್ಕದ ಹೆಂಗಸರು ಬಾವಿಯ ಹತ್ತಿರ ಕೇಳುತ್ತಿದ್ದರು, ನಿಮ್ಮತ್ತೆ ಇನ್ನೂ ಒಳಗೆ ಬಿಟ್ಕೊಂಡಿಲ್ವೇನೇ ಎಂದು. ನಾನು ಬಿಂದಿಗೆ ತುಂಬುವ ಸದ್ದಿನಲ್ಲಿ ಕೇಳಿಸದವಳ ಹಾಗೆ ಇದ್ದುಬಿಡುತ್ತಿದ್ದೆ. ನಿಮ್ಮ ತಾತನಿಗೆ ಹೇಳಿದರೆ, ಒಳಗೆ ಏನು ಬಂಗಾರ ಇಟ್ಟಿದ್ದಾರಾ, ಹುಳ ತಾನೇ ಎನ್ನುತ್ತಿದ್ದರು. ಅವರಿಗೇನು, ಅವರು ಯಾವಾಗ ಬೇಕಾದರೂ ತಲೆ ಬಗ್ಗಿಸಿ ಒಳಗೆ ಹೋಗುತ್ತಿದ್ದರು.

ಹೊರಗೆ ಕೂತು ಸೊಪ್ಪು ಹೆಚ್ಚುವಾಗ ಒಳಗಿನ ಸದ್ದು ಕೇಳುತ್ತಿತ್ತು. ದೊಡ್ಡ ಹುಳಗಳು ಒಟ್ಟಿಗೆ ಸೊಪ್ಪು ತಿನ್ನುವಾಗ ಹೊಸ ಸೀರೆಯ ಮಡಿಕೆಯನ್ನು ಯಾರೋ ಮೆಲ್ಲಗೆ ಬಿಚ್ಚುತ್ತಿರುವ ಹಾಗಿರುತ್ತದೆ. ಬಿಚ್ಚಿ ಮುಗಿಯುವುದೇ ಇಲ್ಲ... ಆ ಸದ್ದು ಕೇಳುತ್ತಾ ಕೇಳುತ್ತಾ ಅದು ನನ್ನ ಮನೆಯೇ ಅಲ್ಲ ಅನ್ನಿಸುತ್ತಿತ್ತು.

ಆಗ ಬಂದವರು ಟೀಚರಮ್ಮ. ಊರ ಶಾಲೆಗೆ ವರ್ಗವಾಗಿ ಬಂದು ನಮ್ಮ ಮುಂದಿನ ಕೋಣೆಯಲ್ಲಿ ಬಾಡಿಗೆಗೆ ಇಳಿದರು. ಚಿಂತಾಮಣಿಯವರು, ಕ್ರೈಸ್ತರು. ಅವರ ತಂದೆ ಚರ್ಚಿನಲ್ಲಿ ಉಪದೇಶಿಯಾಗಿದ್ದರಂತೆ. ಮದುವೆಯಾಗಿರಲಿಲ್ಲ. ಒಂದು ಟ್ರಂಕು, ಒಂದು ಕಪ್ಪು ಕೊಡೆ, ಕೈಯಲ್ಲಿ ಗಂಡಸರು ಕಟ್ಟುವಂಥ ದೊಡ್ಡ ವಾಚು. ಹಣೆಗೆ ಕುಂಕುಮವಿಲ್ಲ, ತಲೆಗೆ ಹೂವಿಲ್ಲ. ಹೂ ಮುಡಿದರೆ ಅವರ ಧರ್ಮದಲ್ಲಿ ತಪ್ಪೇನೂ ಇಲ್ಲವಂತೆ. ನಮ್ಮಮ್ಮ ಮುಡೀತಿರಲಿಲ್ಲ, ನನಗೂ ಅಭ್ಯಾಸ ಆಗಲಿಲ್ಲ ಎಂದಿದ್ದರು. ಅಂಥವರನ್ನು ನೋಡಿದರೆ ಊರಲ್ಲಿ ಏನೇನೋ ಅನ್ನುತ್ತಾರೆ, ಇವರನ್ನು ಯಾರೂ ಏನೂ ಅನ್ನಲಿಲ್ಲ. ಮಾತಾಡಿಸಿದರೆ ಸಾಕು, ಎದುರಿನವರು ಹತ್ತು ವರ್ಷದ ನೆಂಟರ ಹಾಗೆ ಆಗಿಬಿಡುತ್ತಿದ್ದರು. ನನಗೆ ಆ ವಿದ್ಯೆಯನ್ನು ಯಾವ ಶಾಲೆಯಲ್ಲೂ ಕಲಿಸಿರಲಿಲ್ಲ.

ಒಂದು ಬೇಸಿಗೆ ಬೆಳೆಯಲ್ಲಿ ಹುಳಗಳು ಕೊನೆಯ ಜ್ವರದಿಂದ ಎದ್ದಿದ್ದವು. ಪೊರೆ ಬಿಡಲು ಹುಳ ಸೊಪ್ಪು ಬಿಟ್ಟು ಮಲಗುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಎದ್ದ ಮೇಲೆ ಅವುಗಳ ಹಸಿವು ಕೇಳಬಾರದು. ಅದೇ ಹೊತ್ತಿಗೆ ಒಳಗೆ ಅತ್ತೆಗೆ ಕೈ ಜೋಡಿಸುತ್ತಿದ್ದ ಕೂಲಿಯ ಮುದುಕಿ ಮಗಳ ಹೆರಿಗೆಗೆಂದು ಹೋದಳು. ನಿಮ್ಮ ತಾತ ಸೊಪ್ಪಿಗಾಗಿ ತೋಟ ತೋಟ ಅಲೆಯುತ್ತಿದ್ದರು. ನಾನು ತುಂಬಿದ ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದೆ. ಇವತ್ತು ಕರೆಯಲೇಬೇಕು, ಬೇರೆ ಯಾರಿದ್ದಾರೆ ಎಂದುಕೊಂಡೆ.

ಅತ್ತೆ ಗೋಣಿತಾಟು ಸರಿಸಿ ಹೊರಗೆ ಬಂದರು. ನನ್ನ ಪಕ್ಕದಲ್ಲೇ ಹಾದು, ಮುಂದಿನ ಕೋಣೆಯ ಬಾಗಿಲಿಗೆ ಹೋಗಿ ಕರೆದರು. "ಟೀಚರಮ್ಮಾ, ಕಾಲು ತೊಳ್ಕೊಂಡು ಒಸಿ ಒಳಗೆ ಬರ್ತೀಯೇನಮ್ಮ, ತಟ್ಟೆ ಹಿಡಿಯೋಕೆ."

ಟೀಚರಮ್ಮ ಸೆರಗು ಸಿಕ್ಕಿಸಿಕೊಂಡು ಬಂದರು. ಕಾಲಿಗೆ ನೀರು ಹಾಕಿಕೊಟ್ಟವಳು ನಾನೇ. ಗೋಣಿತಾಟು ಅವರ ಹಿಂದೆ ಇಳಿಯಿತು.

ಅವತ್ತಿನಿಂದ ಶಾಲೆ ಬಿಟ್ಟ ಮೇಲೆ ಅವರು ದಿನವೂ ಹೋಗತೊಡಗಿದರು. ಒಳಗಿಂದ ಮಾತು ಕೇಳುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಒಮ್ಮೊಮ್ಮೆ ಅತ್ತೆ ನಗುತ್ತಿದ್ದರು. ನಮ್ಮತ್ತೆ ನಗುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನನ್ನ ಜೊತೆ ಅವರ ಮಾತೆಂದರೆ ಸೊಪ್ಪು ಸಾಲದು, ನೀರು ತಾ, ಒಲೆ ನೋಡು. ಗಂಡ ಸತ್ತು ಚಿಕ್ಕ ವಯಸ್ಸಿಗೇ ಒಂಟಿಯಾಗಿ, ಮಗನನ್ನೂ ಹೊಲವನ್ನೂ ಉಳಿಸಿಕೊಂಡ ಹೆಂಗಸು. ಮಾತು ಖರ್ಚು ಮಾಡುವವರಲ್ಲ. ಇವರಿಗೆ ಮಾತ್ರ ಎಲ್ಲಿಂದ ಬರುತ್ತಿತ್ತೋ. ನಾನು ಹೊರಗೆ ತಟ್ಟೆ ತೊಳೆಯುತ್ತಾ, ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಾ ಕೂತಿರುತ್ತಿದ್ದೆ. ಟೀಚರಮ್ಮ ಹೊರಗೆ ಬಂದಾಗ ಅವರ ಸೀರೆಯಿಂದ ಹಸಿಸೊಪ್ಪಿನ ವಾಸನೆ ಬರುತ್ತಿತ್ತು. ಅಬ್ಬಾ, ಎಷ್ಟು ತಿಂತಾವೆ ಕಣೇ ನಿಮ್ಮ ಹುಳ ಎನ್ನುತ್ತಿದ್ದರು. ನಮ್ಮ ಹುಳ. ನಾನು ನೋಡದ ನಮ್ಮ ಹುಳ.

ಹಾಗೆಂದು ನನಗೆ ಅವರು ಕೆಟ್ಟವರಾಗಿ ಕಾಣಲಿಲ್ಲ. ಕೆಟ್ಟವರಾಗಿದ್ದರೆ ಸುಲಭವಾಗುತ್ತಿತ್ತು. ಅವರ ಚರ್ಚಿನ ಪೂಜೆಗೆ ದ್ರಾಕ್ಷಿ ರಸ ಬೇಕಾಗುತ್ತಿತ್ತು. ತಿಂಗಳ ಮೊದಲ ಭಾನುವಾರ ಚಿಕ್ಕಬಳ್ಳಾಪುರದ ಚರ್ಚಿಗೆ ತೆಗೆದುಕೊಂಡು ಹೋಗುವುದು ಇವರ ಪಾಲಿಗೆ ಬಂದಿತ್ತು. ಹಿಂದಿನ ದಿನ ಹಣ್ಣು ತಂದು ಬೇಯಿಸಬೇಕು. ಹುಳಕ್ಕೆ ವಾಸನೆ ಆಗದೆಂದು ಅತ್ತೆ ಮನೆಯೊಳಗೆ ಬೇಡ ಎಂದಿದ್ದರು. ಅದಕ್ಕೆ ಹಿತ್ತಲಾಚೆ, ಗಾಳಿಗೆ ಅಡ್ಡವಾಗಿ ಮೂರು ಕಲ್ಲು ಹೂಡಿ ನಾವಿಬ್ಬರೂ ಬೇಯಿಸುತ್ತಿದ್ದೆವು. ನಾನು ಸೌಟು ಆಡಿಸುತ್ತಿದ್ದೆ, ಅವರು ಬಟ್ಟೆಯಲ್ಲಿ ಸೋಸಿ ಸೀಸೆಗೆ ತುಂಬುತ್ತಿದ್ದರು. ನನ್ನ ಬೆರಳು ಎರಡು ದಿನ ನೇರಳೆ ಬಣ್ಣಕ್ಕಿರುತ್ತಿತ್ತು. ಆ ಹೊತ್ತು ಚೆನ್ನಾಗಿರುತ್ತಿತ್ತು... ಆಮೇಲೆ ಅವರು ಕೈ ತೊಳೆದು, ಸೀಗೆಪುಡಿ ಹಾಕಿ ನೀರು ಹುಯ್ದುಕೊಂಡು, ಬೇರೆ ಸೀರೆಯುಟ್ಟು ಹುಳದ ಮನೆಗೆ ಹೋಗಿಬಿಡುತ್ತಿದ್ದರು.

ಅಂಥ ಒಂದು ಭಾನುವಾರ ನಾನೂ ಅವರ ಜೊತೆ ಹೋದೆ. ನಮ್ಮಮ್ಮನನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದ್ದರು. ನೋಡಲು ಬಿಡುವುದು ಮಧ್ಯಾಹ್ನ. ಅಲ್ಲಿಯವರೆಗೆ ಬಾ, ನಮ್ಮ ಚರ್ಚಿನಲ್ಲಿ ಕೂತಿರು ಎಂದರು. ಸೀಸೆಯ ಚೀಲವನ್ನು ಬಸ್ಸಿನುದ್ದಕ್ಕೂ ತೊಡೆಯ ಮೇಲೆ ಹಿಡಿದಿದ್ದವಳು ನಾನು.

ನಾನು ಚರ್ಚಿನೊಳಗೆ ಹೋದದ್ದು ಅದೇ ಮೊದಲು. ಹೆಂಗಸರ ಕಡೆಯ ಕೊನೆಯ ಬೆಂಚಿನಲ್ಲಿ ತುದಿಗೆ ಕೂತೆ. ಕನ್ನಡದಲ್ಲೇ ಹಾಡಿದರು, ಕನ್ನಡದಲ್ಲೇ ಓದಿದರು. ಕೊನೆಗೆ ಪಾದ್ರಿಗಳು ರೊಟ್ಟಿ ಮುರಿದರು. ನಮ್ಮ ಸೀಸೆಯ ರಸವನ್ನು ಬೆಳ್ಳಿಯ ಲೋಟಕ್ಕೆ ಬಗ್ಗಿಸಿದ್ದು ನನಗೆ ದೂರದಿಂದ ಕಂಡಿತು. ಜನ ಸಾಲಾಗಿ ಎದ್ದರು. ಟೀಚರಮ್ಮ ತಮ್ಮ ಕೈಚೀಲವನ್ನೂ ವಾಚನ್ನೂ ನನ್ನ ಮಡಿಲಿಗೆ ಹಾಕಿ, ನೀನಿಲ್ಲೇ ಇರಮ್ಮ, ಇದು ದೀಕ್ಷಾಸ್ನಾನ ಆದವರಿಗೆ ಮಾತ್ರ ಎಂದು ಮೆಲ್ಲಗೆ ಹೇಳಿ ಹೋದರು. ಬೆಂಚುಗಳೆಲ್ಲ ಖಾಲಿಯಾದವು. ಕೊನೆಯ ಬೆಂಚಿನಲ್ಲಿ ನಾನೊಬ್ಬಳೇ, ಮಡಿಲಲ್ಲಿ ಇನ್ನೊಬ್ಬರ ಚೀಲ, ಬೆರಳಲ್ಲಿ ಇನ್ನೂ ಹೋಗದ ನೇರಳೆ ಬಣ್ಣ.

ಅವರದ್ದನ್ನು ನನಗೆ ಕೊಡಲಿ ಎಂದು ನಾನು ಆಸೆಪಟ್ಟವಳಲ್ಲ. ನನ್ನ ದೇವರು ನನಗಿದ್ದಾನೆ. ಆದರೆ ಇಲ್ಲಿಯೂ ಇವರು ಒಳಗೆ, ನಾನು ಹೊರಗೆ. ನಮ್ಮ ಮನೆಯ ಕೋಣೆಯಲ್ಲೂ ಇವರೇ ಒಳಗೆ. ಒಬ್ಬ ಹೆಂಗಸಿಗೆ ಎಷ್ಟು ಬಾಗಿಲು ತೆರೆಯಬೇಕು? ಅವರು ತಿರುಗಿ ಬಂದು ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿಕೊಂಡಾಗ ಅವರ ಬಾಯಿಂದ ಆ ದ್ರಾಕ್ಷಿಯ ವಾಸನೆ ಬಂತು. ನನಗೆ ಅಳು ಬಂದುಬಿಟ್ಟಿತು.

ಅಮ್ಮನನ್ನು ನೋಡಿಕೊಂಡು ಶಿಡ್ಲಘಟ್ಟದ ಬಸ್ಸು ಹತ್ತಿದೆವು. ಬಸ್ಸು ಊರು ದಾಟಿದ ಮೇಲೆ ಅವರು, ಬೇಜಾರಾಯ್ತೇನಮ್ಮ ಎಂದರು. ಏನಿಲ್ಲ ಎಂದೆ. ಆಗ ಅವರು ನಿಧಾನವಾಗಿ ಒಂದು ಮಾತು ಹೇಳಿದರು. ಅವರ ತಂದೆ ಪಾದ್ರಿಗಳ ಹತ್ತಿರ ಗ್ರೀಕರ ಭಾಷೆ ಸ್ವಲ್ಪ ಕಲಿತಿದ್ದರಂತೆ. ಆ ಭಾಷೆಯಲ್ಲಿ ಒಂದು ಪದವಿದೆಯಂತೆ, ಮಿಸ್ತೇರಿಯೋನ್. ನಮ್ಮಲ್ಲಿ ಗುಟ್ಟು, ಮರ್ಮ ಅನ್ನುತ್ತೇವಲ್ಲ, ಅದು. ಬಾಯಿ ಮುಚ್ಚು, ಕಣ್ಣು ಮುಚ್ಚು ಎನ್ನುವುದರಿಂದ ಬಂದ ಪದವಂತೆ. ಗ್ರೀಕರ ಹಳೆಯ ದೇವಸ್ಥಾನಗಳಲ್ಲಿ ಒಳಗೆ ಕಂಡದ್ದನ್ನು ಹೊರಗೆ ಆಡುವಂತಿರಲಿಲ್ಲ, ಬಾಯಿ ಮುಚ್ಚಿಕೊಂಡೇ ಬರಬೇಕಿತ್ತು.

ಕ್ರೈಸ್ತರು ಆ ಪದವನ್ನು ತೆಗೆದುಕೊಂಡರು, ಆದರೆ ಅದರ ಅರ್ಥವನ್ನು ಬೇರೆ ಕಡೆಗೆ ತಿರುಗಿಸಿದರು ಎಂದರು ಟೀಚರಮ್ಮ. ಮೊದಲ ಕಾಲದ ಗುರುಗಳು ಬರೆದ ಓಲೆಗಳಲ್ಲಿ ಆ ಪದ ಬಂದಾಗಲೆಲ್ಲ, ದೇವರು ಬಹಳ ಕಾಲ ಮನಸ್ಸಿನಲ್ಲೇ ಇಟ್ಟುಕೊಂಡಿದ್ದದ್ದು, ಈಗ ಹೊತ್ತು ಬಂತೆಂದು ತೋರಿಸಿಬಿಟ್ಟದ್ದು ಎಂದು ಅರ್ಥವಂತೆ. ಎಷ್ಟು ಯೋಚಿಸಿದರೂ ಬಿಡಿಸಲಾಗದ ಒಗಟು ಎಂದು ಅಲ್ಲ. ಆಮೇಲೆ ರೊಟ್ಟಿ, ರಸ, ದೀಕ್ಷಾಸ್ನಾನ ಇವುಗಳಿಗೂ ಅದೇ ಹೆಸರು ಬಂತು. ಆ ಕಾಲದಲ್ಲಿ ಆ ಸ್ನಾನ ಆಗದವರನ್ನು ರೊಟ್ಟಿ ಮುರಿಯುವ ಮುಂಚೆ ಹೊರಗೆ ಕಳಿಸಿ ಬಾಗಿಲು ಹಾಕುತ್ತಿದ್ದರು. ಬಾಗಿಲು ಕಾಯಲು ಒಬ್ಬರು ನಿಂತಿರುತ್ತಿದ್ದರು. ಒಳಗೆ ಏನು ನಡೆಯುತ್ತದೆ ಎಂದು ಹೊರಗಿನವರಿಗೆ ಹೇಳುತ್ತಿರಲಿಲ್ಲ. ಒಳಗೆ ಬಂದ ಮೇಲೆಯೇ ಬಿಡಿಸಿ ಹೇಳುತ್ತಿದ್ದರು.

"ನಮ್ಮಪ್ಪ ಹೇಳೋರು, ಗುಟ್ಟು ಅಂದ್ರೆ ಬಚ್ಚಿಡೋದಲ್ಲ, ಒಂದಿನ ತೋರಿಸೋಕೆ ಅಂತ ಮುಚ್ಚಿಟ್ಟಿರೋದು ಅಂತ."

ನಾನು ಕಿಟಕಿಯ ಕಡೆಗೇ ನೋಡುತ್ತಿದ್ದೆ. ರಸ್ತೆಯ ಪಕ್ಕ ಸೊಪ್ಪಿನ ತೋಟಗಳು ಶುರುವಾಗಿದ್ದವು. ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. "ಕೊನೇವರೆಗೂ ಒಳಗೆ ಕರೀದೇ ಇದ್ರೆ?" ಎಂದುಬಿಟ್ಟೆ.

ಅವರು ನನ್ನ ಮುಖ ನೋಡಿದರು. ನಾನು ಕೇಳುತ್ತಿರುವುದು ಯಾವ ಬಾಗಿಲಿನ ವಿಷಯ ಎಂದು ಅವರಿಗೆ ತಿಳಿಯಿತು. ಹೇಳಲೋ ಬೇಡವೋ ಎಂದು ಕೊಡೆಯ ಹಿಡಿಯನ್ನು ತಿರುಗಿಸುತ್ತಾ ಇದ್ದರು. ಹೇಳಬಾರದು ಅಂತ ನಿಮ್ಮತ್ತೆ ಮಾತು ತಗೊಂಡಿದ್ದಾರೆ, ಆದ್ರೂ ಹೇಳ್ತೀನಿ ಎಂದರು.

"ನಿನ್ನ ಕೈಗುಣದಲ್ಲಿ ಏನೂ ಇಲ್ಲ ಕಣಮ್ಮ. ನೀನು ಮುಡಿಯೋ ಹೂವಿನ ವಾಸನೆಗೆ ಹುಳ ಸೊಪ್ಪು ಬಿಡ್ತಾವೆ ಅಂತ ಅವರ ಭಯ. ಹೂ ತೆಗೆದಿಟ್ಟು ಬಾ ಅಂತ ಸೊಸೆಗೆ ಹೇಳೋಕೆ ಅವರಿಗೆ ಬಾಯಿ ಬರಲಿಲ್ಲ. ನನ್ನ ತಲೆಯಿಂದ ಕಿತ್ತಿದ್ದೇ ಸಾಕು ಟೀಚರಮ್ಮ, ಆ ಮಾತು ನನ್ನ ಬಾಯಲ್ಲಿ ಬರೋದು ಬೇಡ ಅಂದ್ರು."

ಶಿಡ್ಲಘಟ್ಟದಲ್ಲಿ ಇಳಿದು ಮೇಲೂರಿನ ಬಸ್ಸು ಹಿಡಿದೆವು.

ನಿಮಗೆ ಇದು ಅರ್ಥವಾಗಬೇಕಾದರೆ ಆ ಕಾಲ ಗೊತ್ತಿರಬೇಕು. ಗಂಡ ಸತ್ತ ದಿನ ಹೆಂಗಸಿನ ತಲೆಯ ಹೂವನ್ನು ಬೇರೆ ಹೆಂಗಸರು ತೆಗೆಯುತ್ತಿದ್ದರು. ಅತ್ತೆಗೆ ಅದು ಆದಾಗ ಅವರಿಗೆ ಆಗಿನ ನನ್ನಷ್ಟೇ ವಯಸ್ಸು. ನಿಮ್ಮ ತಾತ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗಿ ಬರುವಾಗಲೆಲ್ಲ ನನಗೆ ಒಂದು ಮೊಳ ಮಲ್ಲಿಗೆಯೋ ಕನಕಾಂಬರವೋ ತರುತ್ತಿದ್ದರು. ಅತ್ತೆ ನೋಡಿಯೂ ನೋಡದ ಹಾಗೆ ಒಳಗೆ ಹೋಗುತ್ತಿದ್ದರು. ನನಗೆ ಅದು ಸಿಟ್ಟೆಂದು ಕಂಡಿತ್ತು. ಗಂಡ ಬದುಕಿರುವ ಸೊಸೆಗೆ ಹೂ ತೆಗಿ ಎನ್ನುವುದಕ್ಕಿಂತ ನಿನ್ನ ಕೈ ಚೆನ್ನಾಗಿಲ್ಲ ಎಂದು ಬಯ್ದು ಹೊರಗಿಡುವುದು ಅವರಿಗೆ ವಾಸಿ ಎನ್ನಿಸಿತ್ತು. ಟೀಚರಮ್ಮನ ತಲೆಯಲ್ಲಿ ಹೂವಿರಲಿಲ್ಲ. ಅವರನ್ನು ಕರೆದದ್ದು ಅಷ್ಟಕ್ಕೇ.

ಇದನ್ನು ಕೇಳಿದ ಮೇಲೆ ನನ್ನ ಹೊಟ್ಟೆಕಿಚ್ಚು ತಣ್ಣಗಾಗಿರಬೇಕು ಎಂದುಕೊಳ್ಳುತ್ತೀರಿ. ಇಲ್ಲ ಮಕ್ಕಳೇ, ಇನ್ನೂ ಉರಿಯಿತು. ನನ್ನ ಅತ್ತೆಗೆ ನನ್ನ ಮೇಲೆ ಅಷ್ಟೊಂದು ಅಕ್ಕರೆ ಇತ್ತು, ಅದನ್ನು ಅವರು ಹೇಳಿದ್ದು ಇವರ ಹತ್ತಿರ. ನನ್ನದನ್ನು ನಾನು ಇವರ ಬಾಯಿಂದ ಕೇಳಬೇಕಾಯಿತು, ಒಂದು ಬಸ್ಸಿನಲ್ಲಿ, ಕಂಡಕ್ಟರು ಟಿಕೆಟ್ ಟಿಕೆಟ್ ಎಂದು ಕೂಗುತ್ತಿರುವಾಗ.

ಮುಂದಿನ ಬೆಳೆ ಬಂತು. ಹುಳ ದೊಡ್ಡದಾದ ದಿನ ನಾನು ಬೆಳಿಗ್ಗೆ ಎದ್ದು ಬರೀ ಸೀಗೆಪುಡಿಯಲ್ಲಿ ತಲೆಗೆ ನೀರು ಹುಯ್ದುಕೊಂಡೆ. ಎಣ್ಣೆ ಹಾಕಲಿಲ್ಲ, ಪೌಡರು ಮುಟ್ಟಲಿಲ್ಲ. ಹಿಂದಿನ ಸಂಜೆ ನಿಮ್ಮ ತಾತ ತಂದ ಮಲ್ಲಿಗೆ ಬಾಳೆಲೆಯಲ್ಲಿ ಹಾಗೇ ಇತ್ತು. ಖಾಲಿ ಜಡೆಯಲ್ಲಿ ಸೊಪ್ಪಿನ ಬುಟ್ಟಿ ಹೊತ್ತು ಹುಳದ ಮನೆಯ ಬಾಗಿಲಿಗೆ ಬಂದು, ನಾನೇ ಗೋಣಿತಾಟಿಗೆ ಕೈ ಹಾಕಿದೆ.

ಅತ್ತೆ ತಿರುಗಿ ನೋಡಿದರು. ಮೊದಲು ನನ್ನ ಮುಖ, ಆಮೇಲೆ ತಲೆ. ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ, ಅವರು ಹೆದರಿದ್ದರು. ಗಂಡ ಬದುಕಿರುವ ಹೆಣ್ಣು ಬೆಳಿಗ್ಗೆ ಬೆಳಿಗ್ಗೆ ಖಾಲಿ ತಲೆಯಲ್ಲಿ ಬಾಗಿಲಿಗೆ ಬಂದು ನಿಂತರೆ ಅವರ ಕಣ್ಣಿಗೆ ಏನು ಕಂಡಿರಬಹುದೋ... ನಾನು ಅದನ್ನು ಯೋಚಿಸಿರಲೇ ಇಲ್ಲ. ಬಾಗಿಲು ತೆರೆಯುವುದೊಂದೇ ನನ್ನ ತಲೆಯಲ್ಲಿತ್ತು.

"ಟೀಚರಮ್ಮ ಹೇಳಿದ್ಲಾ?" ಎಂದರು.

ನಾನು ತಲೆ ಬಗ್ಗಿಸಿದೆ.

ಕೈಯಲ್ಲಿದ್ದ ತಟ್ಟೆಯನ್ನು ಸ್ಟ್ಯಾಂಡಿಗೆ ಸೇರಿಸಿ, ಹೊರಗೆ ಬಂದು, ನನ್ನ ತೋಳು ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು. ಬಾಳೆಲೆಯ ಕಡೆ ಕೈ ತೋರಿಸಿದರು. ತಾವು ಮುಟ್ಟಲಿಲ್ಲ.

"ಮುಡ್ಕೋ. ಮುಡ್ಕೊಂಡು ಬಾ ಒಳಗೆ."

ಹುಳ ಅತ್ತೆ, ಎಂದೆ ನಾನು.

ನಮ್ಮತ್ತೆಗೆ ಸಿಟ್ಟಿನಲ್ಲೂ ಪ್ರೀತಿಯಲ್ಲೂ ತೆಲುಗು ಬರುತ್ತಿತ್ತು, ಅದು ಅವರ ತವರಿನ ಮಾತು. "ಪೋತೇ ಪೋನೀ," ಎಂದರು. ಹೋದರೆ ಹೋಗಲಿ.

ಮಲ್ಲಿಗೆ ಮುಡಿದುಕೊಂಡೇ ನಾನು ಗೋಣಿತಾಟು ಸರಿಸಿ ಒಳಗೆ ಹೋದೆ. ಒಳಗೆ ಏನಿತ್ತು ಎಂದು ಕೇಳುತ್ತೀರಾ? ತಂಪು ಕತ್ತಲೆ, ಬಿದಿರಿನ ತಟ್ಟೆಗಳು, ಹಸಿರು ಸೊಪ್ಪಿನ ಮೇಲೆ ಬೆಳ್ಳಗಿನ ಹುಳಗಳು. ಅಷ್ಟೇ. ಹೊರಗೆ ಕೂತು ಕೇಳಿದ ಸದ್ದೇ ಹತ್ತಿರದಿಂದ. ಅತ್ತೆ ಒಂದು ಹುಳವನ್ನು ಎತ್ತಿ ನನ್ನ ಅಂಗೈಗೆ ಬಿಟ್ಟರು. ತಣ್ಣಗೆ, ಮಗುವಿನ ಕಿವಿಯ ಹಾಲೆಯ ಹಾಗೆ ಇತ್ತು.

ಆ ಬೆಳೆ ಹೋಗಲಿಲ್ಲ, ಭಾರಿ ಚೆನ್ನಾಗಿಯೂ ಬರಲಿಲ್ಲ. ನಾನು ಸೊಪ್ಪು ಹಾಕುತ್ತಿದ್ದ ತಟ್ಟೆಯಲ್ಲಿ ಆಗಾಗ ಸತ್ತ ಹುಳ ಸಿಗುತ್ತಿತ್ತು. ನಾನು ನೋಡುವ ಮುಂಚೆ ಅತ್ತೆ ಆರಿಸಿ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಸುಣ್ಣದ ಬಟ್ಟಲಿಗೆ ಹಾಕುತ್ತಿದ್ದರು. ಹೂವಿಗೆ ಸತ್ತವೋ, ಬಿಸಿಲಿಗೆ ಸತ್ತವೋ, ಯಾರಿಗೆ ಗೊತ್ತು. ಅವರೂ ಹೇಳಲಿಲ್ಲ, ನಾನೂ ಕಂಡವಳ ಹಾಗೆ ತೋರಿಸಿಕೊಳ್ಳಲಿಲ್ಲ.

ಮೊದಲ ದಿನವೇ ಸಂಜೆ ಶಾಲೆ ಬಿಟ್ಟು ಬಂದ ಟೀಚರಮ್ಮ ಎಂದಿನ ಹಾಗೆ ಕಾಲು ತೊಳೆದು ಬಾಗಿಲಿಗೆ ಬಂದರು. ಅತ್ತೆ ಒಳಗಿನಿಂದಲೇ ಹೇಳಿದರು. "ಬೇಡಮ್ಮ. ಸೊಸೆ ಇದ್ದಾಳೆ."

ಜೋರಾಗಿ ಹೇಳಲಿಲ್ಲ. ಕೊಟ್ಟ ಮಾತು ಮುರಿದವರನ್ನು ಅತ್ತೆ ಬಯ್ಯುತ್ತಿರಲಿಲ್ಲ, ಬಿಟ್ಟುಬಿಡುತ್ತಿದ್ದರು. ಗೋಣಿತಾಟಿನ ಸಂದಿಯಿಂದ ನನಗೆ ಟೀಚರಮ್ಮನ ಮುಖ ಕಂಡಿತು. ಒದ್ದೆ ಕಾಲಿನಲ್ಲಿ, ಸಿಕ್ಕಿಸಿದ ಸೆರಗಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ನಕ್ಕು, ಸರಿ ಬಿಡಿ ಅಮ್ಮ ಎಂದು ಮುಂದಿನ ಕೋಣೆಗೆ ಹೋದರು. ಸೊಸೆ ಇದ್ದಾಳೆ ಎಂಬ ಎರಡು ಮಾತನ್ನು ನಾನು ಎಷ್ಟು ದಿನ ಬಾಯಲ್ಲಿ ಸಕ್ಕರೆಯ ಹಾಗೆ ಇಟ್ಟುಕೊಂಡಿದ್ದೆನೋ ಲೆಕ್ಕವಿಲ್ಲ. ಈಗಲೂ ಸಿಹಿಯಾಗಿದೆ. ಹಾಗೆಯೇ ಇದೆ, ಇನ್ನೊಬ್ಬರ ಪಾಲಿನದು ಎಂದು ಗೊತ್ತಿದ್ದೂ.

ಆ ವರ್ಷವೇ ಅವರಿಗೆ ಗೌರಿಬಿದನೂರಿನ ಕಡೆಗೆ ವರ್ಗವಾಯಿತು. ಹೊರಡುವ ದಿನ ಅತ್ತೆ ನನ್ನನ್ನು ಕರೆದು, ತಟ್ಟೆಗೆ ಹೂ ಕುಂಕುಮ ಇಟ್ಟು ಕೊಡು, ನಾನು ಕೊಡೋ ಹಾಗಿಲ್ಲ ಎಂದರು. ಅವರು ಮುಡಿಯುವುದಿಲ್ಲ ಎಂದೆ. ಕೊಡೋದು ನಮ್ಮದು ಕಣೇ ಎಂದರು. ನಾನು ತಟ್ಟೆ ಹಿಡಿದುಕೊಂಡು ಹೋಗಿ ಅವರ ಮುಂದೆ ನಿಂತೆ. ಟೀಚರಮ್ಮ ಕುಂಕುಮವನ್ನು ಬಿಟ್ಟು ಹೂವಿನ ಕಡೆ ನೋಡಿದರು. ಟ್ರಂಕಿನ ಮೇಲೆ ಕೂತು, ನನ್ನ ಕಡೆಗೆ ಬೆನ್ನು ತಿರುಗಿಸಿ, ತಲೆ ಬಗ್ಗಿಸಿದರು.

"ಮುಡಿಸಮ್ಮ. ಇನ್ನು ಹುಳದ ಮನೆಗೆ ಹೋಗೋ ಹಾಗಿಲ್ಲವಲ್ಲ."

ತಮಾಷೆಗೆ ಹೇಳಿದರೆಂದು ಆಗ ನಾನು ನಕ್ಕೆ. ಮುಡಿಸಿದೆ. ಅವರ ಕೂದಲು ತೆಳ್ಳಗಿತ್ತು, ಹೂ ನಿಲ್ಲಲಿಲ್ಲ, ಎರಡು ಸಲ ಪಿನ್ನು ಹಾಕಬೇಕಾಯಿತು. ಅತ್ತೆ ನಡುಮನೆಯ ಕಂಬದ ಹಿಂದೆ ನಿಂತು ನೋಡುತ್ತಿದ್ದರು. ಬಸ್ಸಿನವರೆಗೆ ಹೋಗಲಿಲ್ಲ.

ಬಹಳ ವರ್ಷವಾದ ಮೇಲೆ ಅತ್ತೆ ಹಾಸಿಗೆ ಹಿಡಿದರು. ಉಚ್ಚೆ ಹೇಲು ಎನ್ನದೆ ನೋಡಿಕೊಂಡವಳು ನಾನು. ಗಂಜಿ ಕುಡಿಸುವಾಗ ಒಂದು ದಿನ ನನ್ನ ಮುಖವನ್ನೇ ನೋಡುತ್ತಾ, ಟೀಚರಮ್ಮ ಬಂದ್ಲಾ ಎಂದು ಕೇಳಿದರು. ಇಲ್ಲ ಅತ್ತೆ, ನಾನು ಎಂದೆ. ಮರುದಿನವೂ ಅದನ್ನೇ ಕೇಳಿದರು. ಚಮಚವನ್ನು ಬಟ್ಟಲಿಗೆ ಇಟ್ಟು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ನಾನು ಅಷ್ಟು ವರ್ಷ ಅವರ ಪಕ್ಕದಲ್ಲಿ ತಟ್ಟೆ ಹಿಡಿದಿದ್ದೆ. ನಾವಿಬ್ಬರೂ ಸೊಪ್ಪು, ನೀರು, ಒಲೆ ಇಷ್ಟನ್ನೇ ಮಾತಾಡಿದೆವು. ಅತ್ತೆ ಒಳಗೆ ನಕ್ಕದ್ದು ಮಾತ್ರ ಟೀಚರಮ್ಮನ ಜೊತೆ.

ನಿಮ್ಮ ತಾತ ಹೋದ ದಿನ ನನ್ನ ತಲೆಯಿಂದಲೂ ಹೂ ತೆಗೆದರು. ಯಾರ ಕೈ ಎಂದು ನಾನು ನೋಡಲಿಲ್ಲ. ಎಲ್ಲರೂ ಅಳುತ್ತಿದ್ದರು. ನನಗೆ ಆ ಗದ್ದಲದಲ್ಲಿ ಕಂಡದ್ದು ಅಡುಗೆಮನೆಯಲ್ಲಿ ಬಾಳೆಲೆಯ ಕಡೆ ಕೈ ತೋರಿಸಿ, ತಾವು ಮುಟ್ಟದೆ ನಿಂತ ಅತ್ತೆ. ಇನ್ನು ನಾನು ಯಾವ ಹುಳದ ಮನೆಗೆ ಬೇಕಾದರೂ ಹೋಗಬಹುದಿತ್ತು. ಅಷ್ಟರಲ್ಲಿ ನಮ್ಮ ಹುಳದ ಮನೆ ಬೈಕು ನಿಲ್ಲಿಸುವ ಜಾಗವಾಗಿತ್ತು.

ಟೀಚರಮ್ಮ ಚಿಂತಾಮಣಿಯಲ್ಲಿ ತೀರಿಕೊಂಡರಂತೆ. ಅವರ ಹಳೆಯ ವಿದ್ಯಾರ್ಥಿಯೊಬ್ಬ ಹೋದ ವರ್ಷ ನಿಮ್ಮಪ್ಪನ ಹತ್ತಿರ ಹೇಳಿದ್ದನ್ನು ನಿಮ್ಮಪ್ಪ ಊಟ ಮಾಡುತ್ತಾ ಹೇಳಿದ. ಹೌದಾ ಎಂದೆ. ಅಷ್ಟೇ ಹೇಳಿದ್ದು. ಮೊನ್ನೆ ಆ ದ್ರಾಕ್ಷಿಯ ವಾಸನೆ ಬರುವ ತನಕ ನಾನು ಅವರಿಗಾಗಿ ಅತ್ತಿರಲಿಲ್ಲ. ನಿಮ್ಮಮ್ಮ ಒಂದು ಲೋಟ ತಂದುಕೊಟ್ಟಳು. ಕುಡಿದೆ. ಸೌಟು ಆಡಿಸಿದವಳು ನಾನಾದರೂ ಆ ರಸವನ್ನು ಕುಡಿದದ್ದು ಇದೇ ಮೊದಲು.

ಬಸ್ಸಿನಲ್ಲಿ ಅವರು ಹೇಳಿದ ಗ್ರೀಕರ ಪದವನ್ನು ಈಗ ಆಗಾಗ ಹೇಳಿಕೊಳ್ಳುತ್ತೇನೆ. ತೋರಿಸುವುದಕ್ಕೆಂದೇ ಮುಚ್ಚಿಟ್ಟದ್ದು. ಅತ್ತೆಯ ಆ ಒಂದು ಮಾತನ್ನು ಟೀಚರಮ್ಮ ನನಗೆ ತೋರಿಸಿದರು, ಅದಕ್ಕೆ ತಾವು ಬಾಗಿಲ ಹೊರಗೆ ನಿಂತರು. ಅದು ನನಗೆ ಗೊತ್ತಿದೆ. ಆದರೆ ಆ ಬೇಸಿಗೆಯಲ್ಲಿ, ಒದ್ದೆ ಗೋಣಿತಾಟಿನ ಆಚೆ, ಸಂಜೆ ಸಂಜೆಗೂ ಅವರಿಬ್ಬರೂ ಆಡಿಕೊಂಡದ್ದು ಅದೊಂದೇ ಮಾತಲ್ಲವಲ್ಲ. ಅತ್ತೆ ನನ್ನ ಬಗ್ಗೆ ಇನ್ನೇನು ಹೇಳಿದ್ದರೋ. ಯಾವುದಕ್ಕೆ ನಕ್ಕಿದ್ದರೋ. ಒಂದು ಪತ್ರ ಹಾಕಿ ಕೇಳಬಹುದಿತ್ತು, ನಾಚಿಕೆಯಲ್ಲ, ಹೊಟ್ಟೆಕಿಚ್ಚು ಬಿಡಲಿಲ್ಲ. ಈಗ ಇಬ್ಬರ ಬಾಯಿಯೂ ಮುಚ್ಚಿದೆ...

ಹಿಂದಿನ ಕೋಣೆಯ ಗೋಡೆಯಲ್ಲಿ, ಬೈಕಿನ ಹಿಂದೆ, ಅತ್ತೆ ದೀಪ ಇಡುತ್ತಿದ್ದ ಗೂಡೊಂದಿದೆ. ಈ ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಲ್ಲಿಡುತ್ತೇನೆ. ಕೋಣೆ ಒಡೆದು ಶೆಡ್ಡು ಮಾಡಿಸುವಾಗ ಮೊದಲು ಇವನ್ನು ತೆಗೆದುಕೊಳ್ಳಿ, ಜೋಪಾನವಾಗಿಡಿ. ಬೀಗ ಮಾತ್ರ ಹಾಕಬೇಡಿ. ಮುಂದೆ ಈ ಮನೆಗೆ ಬರುವ ಹೆಣ್ಣುಮಕ್ಕಳಿಗೆ ನೀವಾಗಿಯೇ ಕರೆದು ಓದಿಸಿ.